ನಾಗುವಿನ ಔಷಧಿ ಮತ್ತು ದೊಡ್ಡವರ ನಾಲಿಗೆ

ವಾಚಕ ಮಹಾಶಯರ ಅವಗಾಹನೆಗೆ ವಿನಯಪೂರ್ವಕವಾಗಿ ತರಬಯಸುವುದೇನೆಂದರೆ, ನಿನ್ನೆ ಸಂಜೆ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಮೊಮ್ಮಗಳ ಜ್ವರದ ಔಷಧಿಯ ಮುಚ್ಚಳ ತೆಗೆದೊಡನೆ ಕಿತ್ತಳೆ ಪೆಪ್ಪರಮೆಂಟಿನಂಥ ವಾಸನೆ ಬಂದು, ನನ್ನ ನಾಲಿಗೆ ಯಾರ ಅಪ್ಪಣೆಯೂ ಇಲ್ಲದೆ ಹೊರಬಂದಿತು. ಸದರಿ ನಾಲಿಗೆಯ ವರ್ತನೆಗೆ ಕಾರಣ ನಿವೇದಿಸುವುದು ಕರ್ತವ್ಯವೆಂದು ಭಾವಿಸಿ ಈ ಬರಹಕ್ಕೆ ತೊಡಗಿದ್ದೇನೆ. ಬರೆದು ಅಭ್ಯಾಸವಿಲ್ಲ, ಲೋಪಗಳಿದ್ದಲ್ಲಿ ಮನ್ನಿಸಬೇಕು.

ಐವತ್ತರ ದಶಕದ ಕೊನೆ. ನಾನಾಗ ಇದೇ ದಾವಣಗೆರೆಯಲ್ಲಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆ. ಔಷಧಿಗೆ ಬಾಟಲಿಯನ್ನು ಮನೆಯಿಂದಲೇ ಒಯ್ಯಬೇಕಾಗಿತ್ತು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಔಷಧಿ. ತಮ್ಮ ನಾಗು ಇನ್ನೂ ಸಣ್ಣ ಕೂಸು. ಮೈ ಕಾದ ಹಂಚಿನಂತಾಗಿತ್ತು. ಅಪ್ಪ ಅಂಥದೊಂದು ಬಾಟಲಿ ತಂದು ಅಜ್ಜಿಯ ಸ್ವಾಧೀನಕ್ಕೆ ಒಪ್ಪಿಸಿದರು.

ಗಂಜಿಯಾಗಲಿ ಹಾಲಾಗಲಿ, ಕೂಸಿಗೆ ಕೊಡುವ ಮುನ್ನ ಬಿಸಿ ನೋಡಲು ತಮ್ಮ ನಾಲಿಗೆಗೆ ಹನಿ ಹಾಕಿಕೊಳ್ಳುವುದು ಅಜ್ಜಿಯ ಮಲೇಬೆನ್ನೂರಿನ ತವರಿನ ರೂಢಿ. ಸದರಿ ರೂಢಿಯನ್ನು ಅವರು ಮಿಕ್ಸ್ಚರಿಗೂ ವಿಸ್ತರಿಸಿದರು. ಹನಿ ಸಾಲದೆಂದು ಪೂರ್ತಿ ಒಂದು ಹಲ್ಲು ಕುಡಿದರು.

"ನನಗೇನಾರ ಆಗ್ತೈತೇನೋ ನೋಡಾಣ. ಆಮ್ಯಾಗೆ ಕೂಸಿಗೆ."

ಏನೂ ಆಗಲಿಲ್ಲ. ಆದರೆ ಅಷ್ಟರಲ್ಲಿ ಔಷಧಿ ತಳದಲ್ಲಿ ಗಸಿ ಕಟ್ಟಿತ್ತು. ಮೇಲಿನದರ ಪರೀಕ್ಷೆಯಾಗಿದೆ, ಕೆಳಗಿನದರದು ಬಾಕಿಯಿದೆ ಎಂದು ಅಪ್ಪ ಆಕ್ಷೇಪಣೆ ಎತ್ತಿ, ಬಾಟಲಿ ಅಲ್ಲಾಡಿಸಿ ತಾವೊಂದು ಹಲ್ಲು ಕುಡಿದರು. ಕಹಿ ಎಂದರು. ಅಜ್ಜಿ ಒಗರು ಎಂದರು. ಅಭಿಪ್ರಾಯಭೇದ ಉಂಟಾದ ಪ್ರಯುಕ್ತ, ಕೂಸನ್ನು ನೋಡಲು ಹರಿಹರದಿಂದ ಬಂದಿದ್ದ ಸೋದರಮಾವನವರ ಮುಂದೆ ವಿಷಯ ಮಂಡನೆಯಾಯಿತು.

"ಉಪ್ಪುಪ್ಪು ಐತಲ್ರಿ ಭಾವಾ," ಎಂದರು ಮಾವ, ಮೀಸೆ ಒರೆಸಿಕೊಳ್ಳುತ್ತ. "ಇನ್ನೊಂದೀಟು ಹಾಕ್ರಿ, ಖಾತ್ರಿ ಮಾಡ್ಕೋತೀನಿ."

ಅವ್ವ ಮೂಲೆಯಲ್ಲಿ ನಾಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಲೇ ಇದ್ದಳು. ಅತ್ತೆಯ ಎದುರು ಮಾತಾಡಿದವಳೇ ಅಲ್ಲ. ಸಂಜೆಗೆ ನಾಗು ಕರೆದರೂ ಕಣ್ಣು ತೆರೆಯದಾದಾಗ ಅಪ್ಪ ಅವನನ್ನೂ ಬಾಟಲಿಯನ್ನೂ ಎತ್ತಿಕೊಂಡು ಡಾಕ್ಟರಲ್ಲಿಗೆ ಓಡಿದರು. ಹಿಂದೆ ನಾವೆಲ್ಲರೂ.

ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಇಷ್ಟು ಔಷಧಿ ಹೋಗೇತಿ, ಜ್ವರ ಒಂದೀಟೂ ಇಳಿದಿಲ್ಲ! ಇನ್ನೂ ಜೋರಿಂದೇ ಕೊಡ್ಬೇಕಾಗ್ತೈತೆ." ಸ್ಪಿರಿಟ್ ಒಲೆಯ ಮೇಲೆ ಸೂಜಿ ಕುದಿಯತೊಡಗಿತು.

ಅಜ್ಜಿ ಅಪ್ಪನನ್ನು ನೋಡಿದರು, ಅಪ್ಪ ಮಾವನನ್ನು, ಮಾವ ಗೋಡೆಯನ್ನು. ಮನೆಯ ಮರ್ಯಾದೆಯ ಪ್ರಶ್ನೆ.

"ತಡೀರಿ ಡಾಕ್ಟ್ರೆ!" ಅವ್ವನ ದನಿ. "ಔಷಧಿ ಹೋಗಿರೋದು ಇವ್ರ ಹೊಟ್ಟ್ಯಾಗೆ. ಕೂಸಿಗೆ ಒಂದು ಹನೀನೂ ಮುಟ್ಟಿಲ್ರಿ. ನೋಡ್ರಿ, ಅತ್ತ್ಯಾರ ಮಂಡಿನೋವು ಹೋತು, ನಮ್ಮಣ್ಣನ ನೆಗಡಿ ಹೋತು. ಜ್ವರ ಇರೋನು ಇಲ್ಲಿ ಮಲಗ್ಯಾನೆ!"

ಡಾಕ್ಟರು ನಗಲಿಲ್ಲ. ಒಲೆ ಆರಿಸಿ, ಬಾಟಲಿ ಅಲ್ಲಾಡಿಸಿ, ನಾಗುವನ್ನು ಎಬ್ಬಿಸಿ ಒಂದು ಹಲ್ಲಿನಷ್ಟನ್ನು ತಾವೇ ಗುಟುಕು ಗುಟುಕಾಗಿ ಕುಡಿಸಿದರು. ಉಳಿದದ್ದನ್ನು ಅವ್ವನ ಕೈಗೆ ಕೊಟ್ಟರು.

"ನೀವೇ ಇಟ್ಕೊಳ್ರಿ ತಾಯಿ. ಎತ್ತರದಾಗೆ ಇಡ್ರಿ, ದೊಡ್ಡೋರ ಕೈಗೆ ಸಿಗದಂಗೆ."

ನಾಗು ಗುಣವಾದ. ಬಾಟಲಿ ಅಟ್ಟ ಸೇರಿತು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಕೂಸಿಗೆ ಕಾಯಿಲೆಯಾದರೂ ಅಜ್ಜಿ ಅಟ್ಟದ ಕೆಳಗೆ ನಿಂತು, "ಕೊಟ್ಟ್ಯೇನವ್ವ?" ಎಂದು ಸೊಸೆಯನ್ನು ಕೇಳುವ ಪದ್ಧತಿ ಜಾರಿಗೆ ಬಂದಿತು.

ನಿನ್ನೆ ನನ್ನ ಸೊಸೆ, ಡಾಕ್ಟರ ಚೀಟಿ ಹಿಡಿದು ನಿಂತಿದ್ದವಳು, ನನ್ನ ನಾಲಿಗೆಯನ್ನು ನೋಡಿದಳು.

"ಅತ್ತ್ಯಾರ, ನಿಮಗೂ ಜ್ವರ ಬಂದೈತೇನ್ರಿ?"

ನಾಲಿಗೆಯನ್ನು ಕೂಡಲೇ ಹಿಂಪಡೆದೆ. ಬಾಟಲಿಯನ್ನೂ ಅಳತೆಯ ಮುಚ್ಚಳವನ್ನೂ ಅವಳಿಗೆ ಒಪ್ಪಿಸಿ, "ನೀನೇ ಕೊಡವ್ವ. ಆಮ್ಯಾಗೆ ಬೀರುವಿನ ಮ್ಯಾಲೆ ಇಡು, ನನಗೂ ಎಟುಕಬಾರ್ದು," ಎಂದೆ.

ಮೊಮ್ಮಗಳು ನುಂಗಿ ಮುಖ ಕಿವುಚಿದಳು. ರುಚಿ ಹೇಗಿದೆಯೆಂದು ನಾನು ಕೇಳಲಿಲ್ಲ.