ಬಸ್ ಟಿಕೆಟ್ ಇಟ್ಟ ಹೆಸರು

ಕೋವಿಡ್ ಬರುವುದಕ್ಕೆ ಮುಂಚಿನ ವರ್ಷ. ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಮುಖ್ಯಸ್ಥ ಅಂದರೆ ದೊಡ್ಡದೇನಲ್ಲ, ಇದ್ದ ಮೂವರಲ್ಲಿ ನಾನು ಹಿರಿಯ, ಅಷ್ಟೇ. ಪಾಠ ಮುಗಿದ ಮೇಲೆ ಉಳಿದ ಹೊತ್ತನ್ನೆಲ್ಲ ಜೀರುಂಡೆಗಳಿಗೆ ಕೊಟ್ಟಿದ್ದೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ದೇವರ ಕೋಣೆಗಿಂತ ಹುಳುಗಳ ಕಪಾಟೇ ದೊಡ್ಡದು ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಹೊಗಳಿಕೆಯ ಮಾತಾಗಿರಲಿಲ್ಲ.

ಜೂನ್ ತಿಂಗಳ ಒಂದು ಸೋಮವಾರ ನಮ್ಮ ಲ್ಯಾಬ್ ಅಟೆಂಡರ್ ರುದ್ರಮ್ಮ, ತೊಳೆದ ಸುಣ್ಣದ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹಿಂದಿನ ದಿನ ತಮ್ಮ ತವರೂರು ಕೊಕ್ಕನೂರಿಗೆ ಹೋಗಿ ಬಂದಿದ್ದರು. ಇಪ್ಪತ್ತು ವರ್ಷದಿಂದ ನನ್ನ ಹುಳುಗಳ ಪೆಟ್ಟಿಗೆಗಳ ಧೂಳು ಒರೆಸಿದ ಹೆಂಗಸು. ನನ್ನ ಬಳಿ ಯಾವ ಹುಳು ಇದೆ, ಯಾವುದು ಇಲ್ಲ ಅನ್ನುವುದು ಅವರಿಗೆ ನನ್ನಷ್ಟೇ ಗೊತ್ತಿತ್ತು.

"ನಮ್ಮೂರ ಸವಳ್ನಾಗೆ ಓಡಾಡತಿತ್ತು ಸರ್. ನಿಮ್ಮ ಪೆಟ್ಟಿಗ್ಯಾಗೆ ಇಂಥದ್ದು ಇಲ್ಲ, ನೋಡ್ರಿ" ಎಂದರು.

ಸವಳು ಅಂದರೆ ನೆಲದಡಿಯ ಉಪ್ಪು ಮೇಲಕ್ಕೆ ಬಂದು ಬೆಳ್ಳಗೆ ಪೊರೆಗಟ್ಟಿದ, ಬೆಳೆ ಬಾರದ ನೆಲ. ಡಬ್ಬಿಯಲ್ಲಿದ್ದದ್ದು ಹುಲಿ ಜೀರುಂಡೆ. ಇದು ಬಿಸಿಲಿನಲ್ಲಿ ಓಡಿ ಓಡಿ ಸಣ್ಣ ಹುಳುಗಳನ್ನು ಬೇಟೆಯಾಡುವ ಜಾತಿ. ಎಷ್ಟು ಜೋರಾಗಿ ಓಡುತ್ತದೆ ಅಂದರೆ ಓಡುವಾಗ ಅದಕ್ಕೆ ಎದುರಿಗಿನದು ಸರಿಯಾಗಿ ಕಾಣುವುದೇ ಇಲ್ಲ. ನಡುನಡುವೆ ನಿಂತು, ನೋಡಿ, ಮತ್ತೆ ಓಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಉದ್ದ ಹನ್ನೊಂದು ಮಿಲಿಮೀಟರ್. ಬೆನ್ನ ಮೇಲಿನ ಗಟ್ಟಿ ರೆಕ್ಕೆಗಳ, ಅಂದರೆ ಎಲೈಟ್ರಾದ, ಮೇಲೆ ಇರುವ ಬಿಳಿ ಪಟ್ಟಿ ಇದರ ಹತ್ತಿರದ ಬಳಗದಲ್ಲಿ ಮಧ್ಯೆ ತುಂಡಾಗಿರುತ್ತದೆ. ಇದರಲ್ಲಿ ಅದು ತುಂಡಾಗದೆ ಕೊಕ್ಕೆಯ ಹಾಗೆ ಬಾಗಿ ಅಂಚಿಗೆ ಕೂಡಿತ್ತು. ಮೂವತ್ತು ವರ್ಷದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ.

ಒಂದೇ ಹುಳು ಇಟ್ಟುಕೊಂಡು ಹೊಸ ಪ್ರಭೇದ ಎಂದು ಹೇಳಲು ಧೈರ್ಯ ಸಾಲಲಿಲ್ಲ. ಆ ಮಳೆಗಾಲದಲ್ಲಿ ಏಳು ಸಲ ಕೊಕ್ಕನೂರಿಗೆ ಹೋದೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ದಾವಣಗೆರೆಯಿಂದ ಹರಿಹರ, ಹರಿಹರದಿಂದ ಭಾನುವಳ್ಳಿ ಬಸ್ಸು; ಕೊಕ್ಕನೂರಿನ ಬಸ್ಸು ನನ್ನ ಹೊತ್ತಿಗೆ ಹೊಂದುತ್ತಿರಲಿಲ್ಲ. ಭಾನುವಳ್ಳಿಯಲ್ಲಿ ರುದ್ರಮ್ಮನವರ ಅಣ್ಣ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರ ಹಿಂದೆ ಕೂತು ಕೊಕ್ಕನೂರಿನ ಗೋಮಾಳಕ್ಕೆ ಹೋಗಿ, ಆ ಬಿಳಿ ನೆಲದ ಮೇಲೆ ಬಲೆ ಹಿಡಿದು ಓಡುತ್ತಿದ್ದೆ. ದನ ಮೇಯಿಸುವವರು ನಿಂತು ನೋಡಿ ನಗುತ್ತಿದ್ದರು. ಸುತ್ತಲಿನ ಬೇರೆ ಊರುಗಳ ಸವಳನ್ನೂ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಎರಡು ಎಕರೆ ಕೂಡ ಇರದ ಆ ಒಂದು ತಗ್ಗೇ ಅದರ ಮನೆ.

ಇಲ್ಲಿ ನನ್ನದೊಂದು ಹಳೆಯ ಚಾಳಿಯನ್ನು ಹೇಳಬೇಕು. ಹಿಡಿದ ಹುಳುವನ್ನು ಕಾಗದದ ಪೊಟ್ಟಣದಲ್ಲಿಟ್ಟು, ಅದರೊಳಗೆ ಆ ದಿನದ ಬಸ್ ಟಿಕೆಟ್ ಮಡಚಿ ಹಾಕುತ್ತಿದ್ದೆ. ಟಿಕೆಟ್ಟಿನಲ್ಲಿ ಊರೂ ಇರುತ್ತದೆ, ತಾರೀಖೂ ಇರುತ್ತದೆ. ಬಿಸಿಲಿನಲ್ಲಿ ನಿಂತು ಬರೆಯುವ ತಾಪತ್ರಯ ಇಲ್ಲ. ಸಂಜೆ ಮನೆಯಲ್ಲಿ ಅದನ್ನು ನೋಡಿ ಲೇಬಲ್ ಬರೆಯುತ್ತಿದ್ದೆ. ಸೂಜಿಗೆ ಚುಚ್ಚಿದ ಪ್ರತಿಯೊಂದು ಹುಳುವಿನ ಕೆಳಗೂ ಲೇಬಲ್ ಇರಬೇಕು, ಲೇಬಲ್ ಇಲ್ಲದ ಹುಳು ಕಸಕ್ಕೆ ಸಮ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದವನೂ ನಾನೇ. ಮೊದಲನೆಯದೂ ಸೇರಿ ಹದಿನಾಲ್ಕು ಹುಳುಗಳಾದವು. ಹದಿನಾಲ್ಕಕ್ಕೂ 'ಭಾನುವಳ್ಳಿ, ಹರಿಹರ ತಾಲೂಕು' ಎಂದು ಬರೆದೆ. ಎಲ್ಲ ಒಂದೇ ಥರ ಇರಲಿ ಎಂದು, ಸುಣ್ಣದ ಡಬ್ಬಿಯಲ್ಲಿ ಬಂದದ್ದಕ್ಕೂ ಅದನ್ನೇ ಬರೆದೆ.

ಪೆಟ್ಟಿಗೆ ಒರೆಸುವಾಗ ರುದ್ರಮ್ಮ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರು.

"ಸರ್, ಇದು ನಮ್ಮೂರ ಹುಳ. ಭಾನುವಳ್ಳಿ ಅಂತ ಯಾಕ ಬರದೀರಿ?"

"ಪಕ್ಕದ ಊರು. ವಿಜ್ಞಾನಕ್ಕೆ ಎರಡೂ ಒಂದೇ ಬಿಡ್ರಿ, ರುದ್ರಮ್ಮ."

"ಊರಿನೋರಿಗೆ ಎರಡಲ್ವಾ ಸರ್" ಎಂದು ಪೆಟ್ಟಿಗೆ ಮುಚ್ಚಿದರು.

ಹದಿನಾಲ್ಕು ಚೀಟಿ ಬದಲಿಸಲು ಒಂದು ಗಂಟೆ ಸಾಕಾಗಿತ್ತು. ಸೋಮಾರಿತನ ಅಂತ ಈಗ ಹೇಳಿದರೆ ಅದು ಅರ್ಧ ಸತ್ಯ. ಒಬ್ಬ ಅಟೆಂಡರ್ ತಿದ್ದಿದ್ದನ್ನು ಒಪ್ಪಿಕೊಳ್ಳಲು ನನ್ನ ಕುರ್ಚಿ ಬಿಡಲಿಲ್ಲ.

ಹೊರರಾಜ್ಯದ ಮ್ಯೂಸಿಯಂ ಒಂದರ ತಜ್ಞರು ನನ್ನ ಜೊತೆ ಪ್ರಬಂಧ ಬರೆಯಲು ಒಪ್ಪಿದರು. ಗಂಡು ಹುಳುವಿನ ಜನನಾಂಗವನ್ನು ಬಿಡಿಸಿ ಅದರ ತುದಿಯ ಆಕಾರ ನೋಡಿದರೆ ಜೀರುಂಡೆಗಳಲ್ಲಿ ಪ್ರಭೇದ ಖಚಿತವಾಗುತ್ತದೆ. ಅವರು ಮ್ಯೂಸಿಯಂನ ಹಳೆಯ ಮಾದರಿಗಳ ಜೊತೆ ಇಟ್ಟು ನೋಡಿ, ಇದು ಹೊಸದೇ ಎಂದರು. ಹುಳು ಸಿಕ್ಕ ಜಾಗದ ಅಕ್ಷಾಂಶ, ರೇಖಾಂಶ ಕೇಳಿದರು. ಮೊಬೈಲಿನ ನಕ್ಷೆಯಲ್ಲಿ ಭಾನುವಳ್ಳಿಯ ಮೇಲೆ ಬೆರಳಿಟ್ಟು, ಬಂದ ಅಂಕಿಗಳನ್ನು ಕಳಿಸಿಬಿಟ್ಟೆ.

ಹೆಸರಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಹೆಂಗಸಿನ ಹೆಸರಿಡುವಾಗ ಕೊನೆಗೆ ಲ್ಯಾಟಿನ್ ಪ್ರತ್ಯಯವೊಂದು ಸೇರುತ್ತದೆ. 'ರುದ್ರಮ್ಮೆ' ಎಂದು ಒಂದು ಚೀಟಿಯಲ್ಲಿ ಬರೆದು ಎರಡು ದಿನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೆ. ಆಮೇಲೆ ಬೇರೆ ಕಾಲೇಜಿನ ಪ್ರೊಫೆಸರುಗಳು ನಕ್ಕಾರು ಅನಿಸಿತು. ಚೀಟಿ ಹರಿದೆ. ಲೇಬಲ್ ನೋಡಿ 'ಭಾನುವಳ್ಳಿಯೆನ್ಸಿಸ್' ಎಂದು ಇಟ್ಟೆ. ಭಾನುವಳ್ಳಿಯದು ಎಂದು ಅರ್ಥ.

ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟವಾಯಿತು. ಕಾಲೇಜಿನಲ್ಲಿ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಬುಟ್ಟಿಯನ್ನು ವೇದಿಕೆಗೆ ಹೊತ್ತು ತಂದವರು ರುದ್ರಮ್ಮ. ನನ್ನ ಭಾಷಣದಲ್ಲಿ ಅವರ ಹೆಸರು ಬಂತು, ಕೊನೆಯಲ್ಲಿ, ಮೈಕ್‌ನವರಿಗೆ ಥ್ಯಾಂಕ್ಸ್ ಹೇಳುವುದಕ್ಕೆ ಸ್ವಲ್ಪ ಮುಂಚೆ.

ಮುಂದಿನ ವರ್ಷ ಕಳೆದು ಅದರ ಮುಂದಿನ ಚಳಿಗಾಲ. ಬೆಳಿಗ್ಗೆ ಕಾಲೇಜಿಗೆ ಬಂದ ರುದ್ರಮ್ಮ ಬ್ಯಾಗ್ ಇಳಿಸದೆ ನೇರ ನನ್ನ ಕೋಣೆಗೆ ಬಂದರು.

"ಸವಳಿಗೆ ಮಣ್ಣು ಹೊಡ್ಯಾಕ ಹತ್ಯಾರೆ ಸರ್. ಯಾವುದೋ ಸಮಾವೇಶ ಅಂತೆ, ಕಾರು ನಿಲ್ಸಾಕಂತೆ. ನೀವು ಹೋಗಿ ಹೇಳ್ರಿ, ನಿಮ್ಮ ಮಾತು ಕೇಳ್ತಾರೆ."

ಒಂದು ದಿನದ ಸಮಾವೇಶ. ಅದಕ್ಕೆ ಬರುವ ವಾಹನಗಳಿಗೆ ಬೆಳೆ ಬಾರದ ಆ ನೆಲ ಹೇಳಿ ಮಾಡಿಸಿದ ಹಾಗಿತ್ತು. ಕೆಸರಾಗದಿರಲಿ ಎಂದು ಎರಡಡಿ ಕೆಂಪು ಮಣ್ಣು. ಹುಲಿ ಜೀರುಂಡೆಯ ಮರಿಗಳು ಆ ಹೊತ್ತಿಗೆ ನೆಲದಲ್ಲಿ ಗೇಣುದ್ದದ ಬಿಲದೊಳಗೆ ಇರುತ್ತವೆ. ಪ್ರಬಂಧದ ಪ್ರತಿ ತೆಗೆದುಕೊಂಡು, ಅನುಮತಿ ಕೊಟ್ಟ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಮರ್ಯಾದೆಯಿಂದ ಕೂರಿಸಿ, ಟೀ ತರಿಸಿ, ಹನ್ನೆರಡೂ ಪುಟ ಓದಿದರು. ನನಗೆ ತಿಳಿದಂತೆ ಈ ಜಿಲ್ಲೆಯಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ.

"ಸರ್, ಹುಳ ಇರೋದು ಭಾನುವಳ್ಳ್ಯಾಗೆ ಅಂತ ನೀವೇ ಬರದೀರಿ. ಮಣ್ಣು ಬೀಳ್ತಿರೋದು ಕೊಕ್ಕನೂರಾಗೆ."

"ಅದು ನನ್ನ ಬರವಣಿಗೆಯ ತಪ್ಪು. ಹುಳು ಇರುವುದು ಕೊಕ್ಕನೂರಿನಲ್ಲೇ."

"ಹೆಸರು ಸೈತ ಭಾನುವಳ್ಳಿ ಅಂತಾನೇ ಇಟ್ಟೀರಲ್ರಿ" ಎಂದು ಪ್ರಬಂಧವನ್ನು ನನ್ನ ಕಡೆ ಸರಿಸಿದರು. "ಅದು ಬ್ಯಾರೆ ಗ್ರಾಮ, ಬ್ಯಾರೆ ಸರ್ವೆ ನಂಬರ್. ಛಾಪಿಸಿದ್ದು ಬಿಟ್ಟು ಬಾಯಿಮಾತಿನ ಮ್ಯಾಲೆ ನಾನು ಹೆಂಗೆ ಕೆಲಸ ನಿಲ್ಸಲಿ? ತಿದ್ದುಪಡಿ ಮಾಡಿಸ್ಕೊಂಡು ಬರ್ರಿ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಇವತ್ತಿಗೂ ನನಗೆ ಆಗಿಲ್ಲ. ಅವತ್ತೇ ಪತ್ರಿಕೆಗೆ ತಿದ್ದೋಲೆ ಕಳಿಸಿದೆ. ಅದು ಅಚ್ಚಾಗಲು ಐದು ತಿಂಗಳು ಹಿಡಿಯಿತು. ಮಣ್ಣು ತುಂಬಲು ಒಂಬತ್ತು ದಿನ ಸಾಕಾಯಿತು. ಸಮಾವೇಶದ ದಿನ ಅರ್ಧ ದಿನ ಕಾರುಗಳು ನಿಂತಿದ್ದವು. ಆಮೇಲೆ ಯಾರೂ ಆ ಜಾಗವನ್ನು ಯಾವುದಕ್ಕೂ ಬಳಸಿಲ್ಲ. ಲೇಬಲ್ ಸರಿ ಇದ್ದಿದ್ದರೆ ಕೆಲಸ ನಿಲ್ಲುತ್ತಿತ್ತೇ? ಗೊತ್ತಿಲ್ಲ. ಕೇಳುವ ಹಕ್ಕನ್ನೇ ನಾನು ಕಳೆದುಕೊಂಡು ಕೂತಿದ್ದೆ ಅನ್ನುವುದು ಮಾತ್ರ ಗೊತ್ತು.

ತಿದ್ದೋಲೆಯಿಂದ ಊರು ಸರಿಹೋಯಿತು, ಹೆಸರು ಸರಿಹೋಗಲಿಲ್ಲ. ಒಮ್ಮೆ ಪ್ರಕಟವಾದ ಹೆಸರನ್ನು ಅದರ ಅರ್ಥ ತಪ್ಪಾಗಿದೆ ಎಂಬ ಕಾರಣಕ್ಕೆ ಬದಲಿಸುವಂತಿಲ್ಲ. ನಾಮಕರಣದ ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ವರ್ಷಕ್ಕೆ ಒಬ್ಬಿಬ್ಬರಾದರೂ ಸಂಶೋಧಕರು ಫೋನ್ ಮಾಡಿ, ಭಾನುವಳ್ಳಿಯೆಲ್ಲ ಹುಡುಕಿದೆವು, ಸಿಗಲಿಲ್ಲ ಅನ್ನುತ್ತಾರೆ. ಸಿಗುವುದಿಲ್ಲ ಅನ್ನುತ್ತೇನೆ.

ನಾನು ನಿವೃತ್ತನಾದೆ. ರುದ್ರಮ್ಮ ಇನ್ನೂ ಸರ್ವಿಸಿನಲ್ಲಿದ್ದಾರೆ. ಮಳೆ ಬಿದ್ದ ಮೇಲೆ ತವರಿಗೆ ಹೋದಾಗಲೆಲ್ಲ ಆ ಮಣ್ಣಿನ ಅಂಚಿನಲ್ಲಿ ಓಡಾಡಿ ನೋಡುತ್ತಾರಂತೆ. ಈ ಜೂನ್‌ನಲ್ಲೂ ಮನೆಗೆ ಬಂದಿದ್ದರು. ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ತೋರಿಸಿದರು.

"ಈ ಸಲನೂ ಇಲ್ಲ ಸರ್" ಎಂದರು. ಒಂದು ದಿನವೂ 'ನಾನು ಅವತ್ತೇ ಹೇಳಿದ್ದೆ' ಅಂತ ಅವರು ಅಂದಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಿರಿಯರು ಕೇಳಿದರೆ ನನ್ನ ವೃತ್ತಿ ಕಲಿಸಿದ್ದು ಇಷ್ಟೇ ಎಂದು ಹೇಳುತ್ತೇನೆ: ಟಿಕೆಟ್ ನೀವು ಎಲ್ಲಿ ಇಳಿದಿರಿ ಎಂದು ಹೇಳುತ್ತದೆ, ಎಲ್ಲಿ ನಿಂತಿದ್ದಿರಿ ಎಂದು ಹೇಳುವುದಿಲ್ಲ. ನಿಂತ ನೆಲದ ಹೆಸರನ್ನು ಆ ನೆಲದವರನ್ನು ಕೇಳಿ ಬರೆಯಿರಿ. ನಾನು ಕೇಳಬೇಕಾಗಿಯೂ ಇರಲಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಎದುರಿಗೇ ನಿಂತು ಅವರೇ ಹೇಳಿದ್ದರು.