ಮಾಲೆ ಬಿಚ್ಚದ ಸ್ವಾಮಿ

ಮೊನ್ನೆ ಹಾನಗಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ರಕ್ತದೊತ್ತಡದ ಗುಳಿಗೆಗೆ ಕಾಯುತ್ತ ನಿಂತಿದ್ದೆ. ಗಲ್ಲೆಯ ಪಕ್ಕದಲ್ಲಿ ಬಣ್ಣಬಣ್ಣದ ಪೊಟ್ಟಣಗಳು, ಮೇಲೆ ಸ್ಟ್ರಾಬೆರಿ ಹಣ್ಣಿನ ಚಿತ್ರ. ಮೊಮ್ಮಗಳಿಗೆ ಎರಡು ಇರಲಿ ಎಂದು ಕೈ ಹಾಕಿದೆ. ಅಂಗಡಿಯ ಹುಡುಗಿ ಬಹಳ ಮರ್ಯಾದೆಯಿಂದ, "ಅಜ್ಜಾರ, ಅವು ಚಾಕಲೇಟ್ ಅಲ್ರಿ" ಎಂದಳು. ಕನ್ನಡಕ ಏರಿಸಿ ಓದಿದೆ. ಅಯ್ಯೋ ದೇವರೇ! ಸವಣೂರಿನಲ್ಲಿ ಔಷಧಿ ಅಂಗಡಿ ಇಟ್ಟು ಅರ್ಧ ಆಯುಷ್ಯ ಅದೇ ಸರಕು ಮಾರಿದವನಿಗೆ ಅದರ ಗುರುತೇ ಸಿಗಲಿಲ್ಲವೆಂದರೆ ನೀವು ನಗದೆ ಏನು ಮಾಡುತ್ತೀರಿ? ನಗಿರಿ, ಅಡ್ಡಿಯಿಲ್ಲ.

ನಮ್ಮ ಕಾಲದಲ್ಲಿ ಅದಕ್ಕೆ ಹಣ್ಣೂ ಇರಲಿಲ್ಲ, ಹೂವೂ ಇರಲಿಲ್ಲ. ನಿರೋಧ ಅಂದರೆ ನಿರೋಧ, ಮುಗಿಯಿತು. ಅದನ್ನು ನಾನು ಗ್ರೈಪ್ ವಾಟರ್ ಬಾಟಲಿಗಳ ಹಿಂದೆ ಬಚ್ಚಿಡುತ್ತಿದ್ದೆ. ಯಾಕೆಂದರೆ ಮಧ್ಯಾಹ್ನ ಗಲ್ಲೆಯ ಮೇಲೆ ಕೂಡುವವರು ನಮ್ಮ ತಂದೆ. ಪಾಠಶಾಲೆಯಲ್ಲಿ ವೇದಾಂತ ಓದಿದವರು, ಹಣೆಗೆ ಅಂಗಾರ ಅಕ್ಷತೆ ತಪ್ಪಿಸದವರು. ಬೇಕಾದವರು ಬಂದು ಮೊದಲು ತಲೆನೋವಿನ ಗುಳಿಗೆ ಕೇಳುವರು, ಆಮೇಲೆ ಕೆಮ್ಮಿನ ಔಷಧ, ಆಮೇಲೆ ಸುಮ್ಮನೆ ಮಳೆ ಬೆಳೆಯ ಮಾತು. ತಂದೆ ಸಂಧ್ಯಾವಂದನೆಗೆ ಏಳುವ ತನಕ ಹೀಗೇ. ಕಾದು ಕಾದು ಬೇಸತ್ತು ಗುಳಿಗೆಯನ್ನಷ್ಟೇ ಒಯ್ದವರು ಬಹಳ ಮಂದಿ. ಆ ವರ್ಷಗಳಲ್ಲಿ ಸವಣೂರಿನ ಜನಸಂಖ್ಯೆ ಏರಿದ್ದರಲ್ಲಿ ನಮ್ಮ ಅಂಗಡಿಯ ಪಾಲೂ ಉಂಟು.

ಕೇಳುವ ಗೋಜಿಗೇ ಹೋಗದವನು ಒಬ್ಬನಿದ್ದ, ಹತ್ತಿಮತ್ತೂರಿನ ಫಕ್ಕೀರಪ್ಪ. ಸವಣೂರಿನ ವೀಳ್ಯದೆಲೆಯನ್ನು ಲಾರಿಯಲ್ಲಿ ಮುಂಬಯಿಗೆ ಒಯ್ಯುವ ಡ್ರೈವರ್. ದಾರಿಯುದ್ದಕ್ಕೂ ತನಗಿರುವ 'ಬೀಗರ ಮನೆ'ಗಳ ವರ್ಣನೆ ಮಾಡುತ್ತ ಅಂಗಡಿಯ ಕಟ್ಟೆಯ ಮೇಲೆ ಕೂಡುವನು. ಮನೆಯಲ್ಲಿ ಮುದುಕಿ ತಾಯಿ, ಹೆಂಡತಿ ನೀಲವ್ವ, ಒಬ್ಬ ಮಗಳು. "ಇದನ್ನಾದರೂ ಒಯ್ಯೋ ಮಾರಾಯಾ" ಎಂದು ನಾನು ಪೊಟ್ಟಣ ತೋರಿಸಿದರೆ, "ಬಾಯಿಗೆ ಅರಿಬಿ ಕಟಗೊಂಡು ಹೋಳಿಗಿ ಉಣ್ಣಾಕ ಆಕ್ಕೈತೇನ್ರಿ ಆಚಾರ್ರ?" ಎಂದು ಹೋ ಎಂದು ನಗುವನು. ನಾನೂ ನಗುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಥವನು ಒಂದು ಸಲ ಮುಂಬಯಿಯಿಂದ ಬಂದವನೇ ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿ ಅಯ್ಯಪ್ಪನ ವ್ರತ ಹಿಡಿದ. ಕುಡಿತವಿಲ್ಲ, ಬೈಗುಳವಿಲ್ಲ, ಹೆಂಡತಿಯ ಸಂಗವಿಲ್ಲ, ಚಾಪೆಯ ಮೇಲೆ ಒಬ್ಬನೇ ಮಲಗುವುದು. ಗಂಡ ಸುಧಾರಿಸಿದನೆಂದು ನೀಲವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು. ಶಬರಿಮಲೆಗೂ ಹೋಗಿ ಬಂದ. ಬಂದ ಮೇಲೆ ತಾಯಿಯ ಕೈಯಿಂದ ಮಾಲೆ ಬಿಚ್ಚಿಸಿಕೊಂಡು ಸಂಸಾರಕ್ಕೆ ಮರಳುವುದು ಪದ್ಧತಿ. ಇವನು ಬಿಚ್ಚಿಸಿಕೊಳ್ಳಲೊಲ್ಲ! ತಾಯಿ ಕೈ ಚಾಚಿದರೆ ಓಡುತ್ತಾನೆ. ಒಂದು ದಿನ ನಮ್ಮ ಅಂಗಡಿಯ ಎದುರಿಗೇ ನಿಂತ ಲಾರಿಯ ನೆತ್ತಿ ಹತ್ತಿ ಕೂತುಬಿಟ್ಟ. ಕೆಳಗೆ ತಾಯಿ. ಮಾಲೆ ಹಾಕಿದವನನ್ನು ಬೈಯುವಂತಿಲ್ಲ, ಸ್ವಾಮಿ ಎಂದೇ ಕರೆಯಬೇಕು. ಬೈಯದೆ ಮಾತಾಡುವುದು ಆ ಮುದುಕಿಗೆ ಹುಟ್ಟಿದಾರಭ್ಯ ಗೊತ್ತಿಲ್ಲ.

"ಸ್ವಾಮೀ, ನಿನ್ನ ಹೆಣಾ ಎತ್ಲಿ, ಕೆಳಗ ಇಳೀರಿ! ಮನ್ಯಾಗ ಹೇಣ್ತಿ ಅಳಾಕತ್ತಾಳ, ಭಾಡ್ಯಾ... ತಪ್ಪಾತ್ರಿ... ಸ್ವಾಮೇರ!"

ಇಡೀ ಪೇಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮ ತಂದೆ ಮಾತ್ರ, "ವೈರಾಗ್ಯ ಅಂದ್ರ ಹಿಂಗಿರಬೇಕು ನೋಡು" ಎಂದು ನನಗೆ ಬುದ್ಧಿ ಹೇಳಿದರು.

ತಾಯಿ ಸೋತು ಮನೆಗೆ ಹೋದ ಮೇಲೆ ಫಕ್ಕೀರಪ್ಪ ಇಳಿದು ಅಂಗಡಿಯ ಹಿಂದಿನ ಕೋಣೆಗೆ ಬಂದ. ಕೂತವನೇ ಅಳತೊಡಗಿದ. ಮುಂಬಯಿಯಲ್ಲಿ ಪೆಟ್ಟು ಬಿದ್ದ ಕ್ಲೀನರನಿಗೆ ರಕ್ತ ಕೊಡಲು ಹೋಗಿದ್ದನಂತೆ. ಅಲ್ಲಿಯ ಡಾಕ್ಟರು ಪಕ್ಕಕ್ಕೆ ಕರೆದು, ನಿನ್ನ ರಕ್ತದಲ್ಲಿ ಏಡ್ಸ್ ರೋಗಾಣು ಇದೆ, ಔಷಧವಿಲ್ಲ, ಹೆಂಡತಿಗೆ ಅಂಟಿಸಬೇಡ ಎಂದರಂತೆ. ಆ ಹೆಸರನ್ನು ನಾನು ಪತ್ರಿಕೆಯಲ್ಲಷ್ಟೇ ಓದಿದ್ದೆ. ಅದು ಅಮೆರಿಕದವರ ರೋಗ, ಎಲೆಯ ಲಾರಿ ಹತ್ತಿ ಹತ್ತಿಮತ್ತೂರಿಗೆ ಬರುವಂಥದ್ದಲ್ಲ ಎಂದು ತಿಳಿದಿದ್ದೆ.

"ಖರೇ ಹೇಳಾಕ ಬಾಯಿ ಬರವಲ್ದ್ರಿ, ಅದಕ್ಕ ಮಾಲಿ ಹಾಕ್ಕೊಂಡ್ನಿ. ಬಿಚ್ಚಿದ್ರ ಆಕಿ ಹತ್ರ ಬರ್ತಾಳ. ಆಕಿಗಿ ಏನರ ಆದ್ರ ನಾ ಹೆಂಗ ಬದುಕ್ಲಿರಿ? ನೀವ ಹೇಳಿಬಿಡ್ರಿ ಆಕಿಗಿ."

ನನ್ನ ಧೈರ್ಯ ಎಂಥದ್ದೆಂದು ನಿಮಗೆ ಆಗಲೇ ಗೊತ್ತಾಗಿದೆ. ಮರುದಿನ ಇಬ್ಬರನ್ನೂ ಆ ಕೋಣೆಯಲ್ಲಿ ಕೂಡಿಸಿ, ಗೋಡೆಯ ಕಡೆ ಮುಖ ಮಾಡಿ, ಸೂಕ್ಷ್ಮಾಣು, ಸಂಸರ್ಗ, ಸಂಯಮ ಎಂದು ಬಡಬಡಿಸಿದೆ. ನೀಲವ್ವ ಪುರಾಣ ಕೇಳಿದಂತೆ ಕೇಳಿ, "ಸುತ್ತಿ ಬಳಸಿ ಹೇಳಬ್ಯಾಡ್ರಿ. ನನಗೂ ಹತ್ತೈತೇನು?" ಎಂದಳು. "ತಪಾಸ ಮಾಡಸಬೇಕವಾ" ಎಂದೆ. ಅವಳು ಗಂಡನ ಕಡೆ ತಿರುಗಿದಳು. ಆಗ ಆಡಿದ ಮಾತುಗಳನ್ನು ಬರೆದರೆ ಇದನ್ನು ಯಾರೂ ಅಚ್ಚು ಹಾಕುವುದಿಲ್ಲ. ಬೈದು ಬೈದು ಸಾಕಾಗಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ದೇವರ ಹಿಂದ ಅಡಗಬ್ಯಾಡ. ಮನೀಗಿ ನಡಿ, ಅವ್ವನ ಕೈಲೆ ಮಾಲಿ ಬಿಚ್ಚಸ್ಕೊ" ಎಂದಳು.

ಹುಬ್ಬಳ್ಳಿಯಲ್ಲಿ ತೆಗೆದ ಅವಳ ರಕ್ತ ಯಾವುದೋ ದೂರದ ಊರಿಗೆ ಹೋಗಿ ತಪಾಸಣೆಯಾಗಿ ಬರುವ ತನಕ ನನಗೂ ಊಟ ಸೇರಲಿಲ್ಲ. ಕೊನೆಗೆ ಅವಳಿಗೆ ಏನೂ ತಗಲಿಲ್ಲವೆಂದು ಗೊತ್ತಾಯಿತು. ಮರುದಿನ ನಡುಮಧ್ಯಾಹ್ನ ನೀಲವ್ವ ಅಂಗಡಿಗೆ ಬಂದಳು. ಗಲ್ಲೆಯ ಮೇಲೆ ತಂದೆ, ಕಟ್ಟೆಯ ಮೇಲೆ ನಾಲ್ಕಾರು ಮಂದಿ.

"ಅಜ್ಜಾರ, ನಿರೋಧ ಕೊಡ್ರಿ. ತೂತು ಗೀತು ಇರಲಾರದ್ದು ನೋಡಿ ಕೊಡ್ರಿ."

ಕಟ್ಟೆಯ ಮಂದಿಗೆಲ್ಲ ಒಮ್ಮೆಲೇ ಮನೆಯ ಕೆಲಸ ನೆನಪಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಂದೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲೆ ಇಟ್ಟೀಯೋ? ಸಂಸಾರಸ್ಥರು ಕೇಳೂ ಸಾಮಾನು ಮುಚ್ಚಿ ಯಾಕ ಇಡ್ತೀ?" ಎಂದು ಗದರಿದರು. ಅಂದಿನಿಂದ ಅದು ಮುಂದಿನ ಕಪಾಟಿಗೆ ಬಂತು. ಯಾವನಾದರೂ ತಲೆನೋವಿನ ಗುಳಿಗೆ ಕೇಳಿ ತಡವರಿಸಿದರೆ ತಂದೆಯೇ, "ಖರೇನ ತಲಿ ನೋಯ್ತದೋ, ಅದು ಬೇಕೋ? ಲಗೂನ ಹೇಳಪಾ, ನನಗ ಸಂಧ್ಯಾವಂದನಿ ಅದ" ಎನ್ನುತ್ತಿದ್ದರು.

ಫಕ್ಕೀರಪ್ಪ ಮತ್ತೆ ಲಾರಿ ಹತ್ತಿದ. ಬೀಗರ ಮನೆಗಳ ಮುಂದೆ ಹಾರ್ನು ಕೂಡ ಹಾಕದೆ ಹೋಗುತ್ತಾನೆಂದು ಕ್ಲೀನರ್ ಹೇಳುತ್ತಿದ್ದ. ಪ್ರತಿ ಸಲ ನನ್ನಲ್ಲಿಂದ ಪೊಟ್ಟಣಗಳನ್ನು ಒಯ್ದು ಉಳಿದ ಡ್ರೈವರುಗಳ ಕಿಸೆಗೆ ತುರುಕುವನು. "ಹೋಳಿಗಿ ಏನಾತೋ?" ಎಂದು ಕೆಣಕಿದರೆ, "ಬಾಯಿ ಉಳದ್ರ ಹೋಳಿಗ್ರಿ ಆಚಾರ್ರ" ಎನ್ನುವನು. ಕೆಲವು ವರ್ಷಗಳ ಮೇಲೆ ಸೊರಗಿ ಸೊರಗಿ ಹೋಗಿಬಿಟ್ಟ. ಆ ರೋಗವನ್ನು ತಡೆಹಿಡಿಯುವ ಗುಳಿಗೆಗಳು ನಮ್ಮ ಕಡೆ ಬಂದದ್ದು ಆಮೇಲೆ.

ಮೊನ್ನೆ ಗುಳಿಗೆ ತೆಗೆದುಕೊಂಡು ಹಾನಗಲ್ ಬಸ್‌ಸ್ಟ್ಯಾಂಡಿಗೆ ಬಂದರೆ ಅಲ್ಲಿ ಯಾರಿರಬೇಕು? ನೀಲವ್ವ! ತಲೆ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ತಿಳವಳ್ಳಿಗೆ ಕೊಟ್ಟ ಮಗಳು ಜೊತೆಗಿದ್ದಳು. "ನೋಡವಾ, ನಾ ಗಟ್ಟಿಮುಟ್ಟಾಗಿ ಇರೂದು ಇವರ ಅಂಗಡಿ ಸಾಮಾನಿನಿಂದ" ಎಂದು ಮಗಳಿಗೆ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ, ನನ್ನ ಪರಿಚಯ ಮಾಡಿಸಿದಳು. ನಾನು ಮಾತು ಮರೆಸಲು, "ಫಕ್ಕೀರಪ್ಪನ ನೆನಪಾಗ್ತದೇನವಾ?" ಎಂದೆ.

"ಆಗಲಾರದ ಏನ್ರಿ? ಕಡೀಕ ಜ್ವರದಾಗ ನನ್ನ ಗುರ್ತ ಸುದ್ದಾ ಹತ್ತತಿದ್ದಿಲ್ಲ ಅವಗ. ಬಾಜೂಕ ಕುಂತ್ರ, ಯಾರೋ ಪರ ಹೆಣಮಗಳು ಅನ್ಕೊಂಡು, 'ದೂರ ಸರಿ ಯವ್ವಾ, ನಿನಗ ಹತ್ತೀತು' ಅಂತಿದ್ದ. 'ಬಾಜೂಕ ಕುಂತ್ರ ಏನೂ ಆಗೂದಿಲ್ಲೋ ಹುಚ್ಚಾ' ಅಂತ ಬೈಕೋತ ಕೈ ಹಿಡಕೊಂಡು ಕುಂತಬಿಡ್ತಿದ್ನಿ."

ಹೇಳಿ ನಕ್ಕಳು. ನಾನು ಹತ್ತಬೇಕಾದ ಸವಣೂರಿನ ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಹೋದರೆ ಹೋಗಲಿ ಎಂದು ನಾನು ಅವಳ ಪಕ್ಕದಲ್ಲಿ ಕೂತೆ.