ಗೆಳತಿಯ ಹರಳು

ಗದಗ-ಬೆಟಗೇರಿಯ ಒಂದೇ ಓಣಿಯಲ್ಲಿ ಬೆಳೆದವರು ನಾನು, ನನ್ನ ಗೆಳತಿ. ಬಿ.ಎಸ್ಸಿಯಲ್ಲಿ ಭೌತಶಾಸ್ತ್ರಕ್ಕೆ ಯಾವಾಗಲೂ ನನಗೇ ಹೆಚ್ಚು ಅಂಕ. ಸಂಶೋಧನೆಗೆ ಹೋದವಳು ಮಾತ್ರ ಅವಳು. ಪ್ರವೇಶ ಪರೀಕ್ಷೆಗೆ ಹೆದರಿ ನಾನು ಅರ್ಜಿಯನ್ನೇ ಹಾಕಲಿಲ್ಲ. ಬೆಟಗೇರಿಯಿಂದ ದಿನಾ ಓಡಾಡಿಕೊಂಡು ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಪಾಠ ಹೇಳುತ್ತ ಉಳಿದೆ.

ಕಳೆದ ವರ್ಷ ನಮ್ಮ ಪ್ರಾಂಶುಪಾಲರು ಅವಳನ್ನು ಉಪನ್ಯಾಸಕ್ಕೆ ಕರೆಸಿದರು. ವಿಷಯ, ಕಗೋಮೆ ಹರಳುಗಳು. ಕಗೋಮೆ ಅಂದರೆ ಜಪಾನಿನವರ ಒಂದು ಬುಟ್ಟಿ ಹೆಣಿಗೆ. ಹಿಂದಿನ ದಿನ ಫೋನ್ ಮಾಡಿದಳು.

"ನಿಮ್ಮ ಮನ್ಯಾಗ ಆರು ಮೂಲಿ ಕಣ್ಣಿನ ಬಿದಿರ ಬುಟ್ಟಿ ಇತ್ತಲ್ಲ, ತಗೊಂಡ ಬಾರಲೇ. ಹುಡುಗ್ರಿಗೆ ತೋರಸಾಕ ಬೇಕು."

ಬುಟ್ಟಿ ನನ್ನೆದುರೇ ಉಳ್ಳಾಗಡ್ಡಿ ತುಂಬಿಕೊಂಡು ಕೂತಿತ್ತು. "ಅದು ಎಂದೋ ಮುರದ ಹೋತು" ಅಂದೆ.

ಮರುದಿನ ಅವಳು ಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಮೂಲೆಗೆ ಮೂಲೆ ತಾಗುವ ತ್ರಿಕೋನಗಳನ್ನು ಬರೆದಳು; ಅವುಗಳ ನಡುವೆ ಬುಟ್ಟಿಯದೇ ಆರು ಮೂಲೆಯ ಕಣ್ಣು ಮೂಡಿತು. ಒಂದೊಂದು ಮೂಲೆಗೂ ಒಂದು ಪರಮಾಣು. ಹರಳು ತಣ್ಣಗಾದಂತೆ ಎಲೆಕ್ಟ್ರಾನುಗಳು ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳುವಾಗಿ ಸಾಲುಗಟ್ಟುತ್ತವೆ; ಇನ್ನೂ ತಣ್ಣಗಾದರೆ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುತ್ತದೆ ಅಂದಳು. ಆ ಸಾಲುಗಳಿಗೆ ಎಡಗೈ ಬಲಗೈಯಂತೆ ಎರಡು ತಿರುವು ಇರಬಹುದಂತೆ. ನನ್ನ ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯರು ಎದ್ದೆದ್ದು ಪ್ರಶ್ನೆ ಕೇಳಿದರು.

ಎರಡು ವಾರ ಹುಡುಕಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಎದ್ದು ನಿಂತು ಕೇಳಿದೆ: "ಆ ತಿರುವು ಹರಳಿನದೋ, ನೋಡುವ ಉಪಕರಣದ ದೋಷವೋ?"

ಅವಳು ತಡವರಿಸಲಿ ಅಂತಲೇ ಕೇಳಿದ್ದು. ಅವಳು ನಕ್ಕಳು. "ಖರೆ ಹೇಳಬೇಕಂದ್ರ ಗೊತ್ತಿಲ್ಲ. ಒಂದು ಲ್ಯಾಬಿಗೆ ಕಂಡಿದ್ದು ಇನ್ನೊಂದಕ್ಕ ಕಂಡಿಲ್ಲ. ನಾವೂ ಅದಕ್ಕ ಬಡದಾಡಾಕತ್ತೀವಿ."

ಅಷ್ಟು ಜನರೆದುರು ಗೊತ್ತಿಲ್ಲ ಅನ್ನುವ ಧೈರ್ಯ! ಇಷ್ಟು ವರ್ಷ ಪಾಠ ಮಾಡಿಯೂ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವಳ ಹರಳಿಗಿಂತ, ಹೆಸರಿಗಿಂತ ಆ ಧೈರ್ಯ ನನ್ನನ್ನು ಹೆಚ್ಚು ಸುಟ್ಟಿತು.

ಸಂಜೆ ಇಬ್ಬರೂ ಒಟ್ಟಿಗೆ ಊರಿಗೆ ಹೊರಟೆವು. ಗದಗಿನ ಬಸ್ಸು ಶಿರಹಟ್ಟಿ ದಾಟಿದ ಮೇಲೆ, "ಬುಟ್ಟಿ ಮನ್ಯಾಗ ಐತಿ" ಅಂದೆ.

"ಗೊತ್ತೈತಿ. ಮುಂಜಾನೆ ನಿಮ್ಮ ಮನಿಗೆ ಬಂದಿದ್ದೆ, ನೀ ಆಗಲೇ ಹೋಗಿದ್ದಿ. ನಿಮ್ಮವ್ವ ಆ ಬುಟ್ಟಿಯಾಗಿನ ಉಳ್ಳಾಗಡ್ಡಿನ ಹೆಚ್ಚಿ ಅವಲಕ್ಕಿ ಮಾಡಿಕೊಟ್ಲು."

"ಮತ್ತ ತರಬೇಕಿತ್ತಿಲ್ಲೊ?"

"ನೀ ಇಲ್ಲ ಅಂದಿದ್ಯಲ್ಲ. ಅದಕ್ಕ ಬಿಟ್ಟೆ."

ಗದಗಿನಲ್ಲಿ ಇಳಿಯುವಾಗ, "ಪ್ರಶ್ನೆ ಛಲೋ ಇತ್ತು" ಅಂದಳು.

ಈಗ ತನ್ನ ಪ್ರಬಂಧಗಳನ್ನು ಅಚ್ಚಿಗೆ ಹೋಗುವ ಮೊದಲೇ ನನಗೆ ಕಳಿಸುತ್ತಾಳೆ. ಪ್ರತಿ ಸಾಲನ್ನೂ ಓದುತ್ತೇನೆ. ತಪ್ಪು ಸಿಕ್ಕರೆ ಇವತ್ತಿಗೂ ಒಳಗೊಳಗೇ ಖುಷಿಯಾಗುತ್ತದೆ. ಬರೆದು ತಿಳಿಸುತ್ತೇನೆ.